17ರ ಡ್ರ್ಯಾಗ್ ಫ್ಲಿಕರ್, 3 ವರ್ಷದ ಕರಾರು: ಸಹಿ ಹಾಕಬಹುದಾ?

ಪಿಂಪ್ರಿ_ಅಪ್ಪ:
ಪುಣೆ, ಮುಂಬೈಯ ಹಾಕಿ ಮಂದಿ ಸ್ವಲ್ಪ ನೋಡಿ. ಮಗನಿಗೆ 17, ಮಾರ್ಚ್‌ಗೆ 18. ಫುಲ್ ಬ್ಯಾಕ್ (ಹಿಂದಿನ ಸಾಲಿನ ರಕ್ಷಕ), ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ ಮಾಡ್ತಾನೆ, ಅಂದರೆ ಚೆಂಡನ್ನ ಸ್ಟಿಕ್‌ನಲ್ಲಿ ಎಳೆದು ಗೋಲಿನತ್ತ ಎಸೆಯೋದು. ನೆಹರೂನಗರದ ಟರ್ಫ್‌ನಲ್ಲಿ ಅಭ್ಯಾಸ. ಒಂದು ಅಕಾಡೆಮಿಯವರು ಕರಾರು ಕಳಿಸಿದ್ದಾರೆ: ತಿಂಗಳಿಗೆ 12,000, ಹಾಸ್ಟೆಲ್ ಊಟ, ವರ್ಷಕ್ಕೆ 2 ಸ್ಟಿಕ್. ಮಧ್ಯೆ ಬಿಟ್ಟರೆ 6 ಲಕ್ಷ ಕಟ್ಟಬೇಕು. ಸತತ 60 ದಿನ ಆಡದಿದ್ದರೆ ಸ್ಟೈಪೆಂಡ್ ಬಂದ್. ಸಹಿ ಹಾಕೋದಾ, ಹಾಕಿ ಇಂಡಿಯಾ ಲೀಗ್ ಹರಾಜಿಗೆ ಕಾಯೋದಾ? ಹುಡುಗ ಇನ್ನೂ ಬೆಳೀತಾನಾ?

ಮುಲುಂಡ್_ರಾಯರು:
ಮೊದಲು ಕಾಗದ. 18 ತುಂಬದವನ ಕರಾರು ಊರ್ಜಿತವೇ ಅಲ್ಲ, ಕಾಂಟ್ರಾಕ್ಟ್ ಕಾಯ್ದೆ ಕಲಂ 11. ಅಪ್ಪ ಸಹಿ ಹಾಕಿದರೆ ಆಯ್ತು ಅಂತ ಎಲ್ಲರೂ ಅಂದುಕೊಳ್ತಾರೆ, ಆಗಲ್ಲ. ಬಾಂಬೆ ಹೈಕೋರ್ಟಿನಲ್ಲಿ 1949ರಲ್ಲೇ ರಾಜ್ ರಾಣಿ, ಪ್ರೇಮ್ ಅದೀಬ್ ಮೊಕದ್ದಮೆ ತೀರ್ಮಾನ ಆಗಿದೆ. ಅಪ್ರಾಪ್ತ ಹುಡುಗಿಯ ಪರವಾಗಿ ಅಪ್ಪ ಸಿನಿಮಾ ನಿರ್ಮಾಪಕನ ಜೊತೆ ಮಾಡಿದ ಕರಾರು. ಮುರಿದಾಗ ಹುಡುಗಿಗೂ ಪರಿಹಾರ ಸಿಗಲಿಲ್ಲ. ಅಂದರೆ ಅಕಾಡೆಮಿ ನಾಲ್ಕು ತಿಂಗಳು ದುಡ್ಡು ಕೊಡದಿದ್ದರೆ ಆ ಕಾಗದ ಹಿಡಿದು ನೀವು ಏನೂ ಕೇಳೋಕಾಗಲ್ಲ. ಅದೇ ಕಾಗದದ ಕೆಳಗೆ "ಜಾಮೀನುದಾರ" ಅಂತ ನಿಮ್ಮ ಹೆಸರಿದ್ದರೆ ಮಾತ್ರ ನಿಮ್ಮ ಕುತ್ತಿಗೆಗೆ ಬರಬಹುದು. ಆ ಪದ ಹೊಡೆದುಹಾಕಿಸಿ.

6 ಲಕ್ಷಕ್ಕೆ ಹೆದರಬೇಡಿ. ಕಲಂ 74ರ ಪ್ರಕಾರ ಬರೆದ ಮೊತ್ತ ಮೇಲ್ಮಿತಿ ಅಷ್ಟೇ, ಕೋರ್ಟು ಕೊಡಿಸೋದು ಯುಕ್ತ ಪರಿಹಾರ. ಕೋರ್ಟಿಗೆ ಯಾರೂ ಹೋಗೋದೂ ಇಲ್ಲ. ಅವರ ಕೈಯಲ್ಲಿರೋ ಅಸಲಿ ಲಗಾಮು ಎನ್‌ಒಸಿ, ಅಂದರೆ ಹುಡುಗ ಬೇರೆ ಕಡೆ ಹೋಗೋಕೆ ಆಕ್ಷೇಪ ಇಲ್ಲ ಅನ್ನೋ ಪತ್ರ. ಅದು ಇಲ್ಲದೆ ಹುಡುಗ ಇನ್ನೊಂದು ಕಡೆ ರಿಜಿಸ್ಟರ್ ಆಗೋಕೆ ಒದ್ದಾಡ್ತಾನೆ, ಒಂದು ಸೀಸನ್ ಹೋಗುತ್ತೆ. "ಬಿಡುವ ಪತ್ರ ಕೊಟ್ಟ 15 ದಿನದೊಳಗೆ ಎನ್‌ಒಸಿಗೆ ಅಡ್ಡಿ ಮಾಡಬಾರದು" ಅನ್ನೋ ಸಾಲು ಸೇರಿಸದೆ ಮುಟ್ಟಬೇಡಿ. ಮಾರ್ಚ್ ದಾಟಿದ ಮೇಲೆ ಅವನೇ ಸಹಿ ಹಾಕಲಿ, ಪ್ರತಿ ಪುಟಕ್ಕೂ. 500ರ ಛಾಪಾ ಕಾಗದ. 100ರದ್ದು ಮಹಾರಾಷ್ಟ್ರದಲ್ಲಿ 2024ರ ಅಕ್ಟೋಬರ್‌ನಿಂದ ನಡೆಯಲ್ಲ.

ದಾದರ್_ಧಾರವಾಡ:
ರಾಯರ, ಕಾನೂನು ಸಾಕ್ರೀ. ಹೊಟ್ಟಿ ತುಂಬೂದು ನೌಕರಿಲಿಂದ. ರೈಲ್ವೆ ಸ್ಪೋರ್ಟ್ಸ್ ಕೋಟಾ ನೋಡ್ರಿ: 18 ತುಂಬಿರಬೇಕು, ಪಿಯುಸಿ ಪಾಸಾದ್ರ ಪಗಾರದ ಲೆವೆಲ್ 2 ಇಲ್ಲಾ 3. ಲೆವೆಲ್ 3 ಅಂದ್ರ ಮೂಲ ವೇತನ 21,700. ಮುಂಬೈ, ಪುಣೆದಾಗ ಮನಿ ಬಾಡಿಗಿ ಭತ್ಯೆ 30%, ಅಂದ್ರ 6,510. ಮ್ಯಾಲ ಡಿಎ. ಇದರ ಮುಂದ 12,000 ಏನು ಲೆಕ್ಕ? ಎಲ್ಲಾರೂ ಎಡವೂದು ಸರ್ಟಿಫಿಕೇಟ್‌ನಾಗ. ಆಡಿದ ಕೂಡ್ಲೆ ಕೊಟ್ಟ ಬಣ್ಣದ ಸರ್ಟಿಫಿಕೇಟ್ ನಡಿಯೂದಿಲ್ಲ ಅಂತಾರ. ಸರ್ಕಾರಿ ನಮೂನಿದಾಗ ಬೇಕು: ನ್ಯಾಷನಲ್ಸ್‌ಗೆ ಫಾರ್ಮ್ 2, ಯುನಿವರ್ಸಿಟಿಗೆ ಫಾರ್ಮ್ 3, ಸ್ಕೂಲ್ ಗೇಮ್ಸ್‌ಗೆ ಫಾರ್ಮ್ 4. ಆಡಿದ ವರ್ಷಾನ ಸಹಿ ಮಾಡಿಸ್ರಿ. ಪದಾಧಿಕಾರಿ ಬದಲಾದ್ರ ಚಪ್ಪಲಿ ಸವೀತಾವು. ನಾವು ನೌಕರಿ ಹಿಡದದ್ದಕ್ಕ ಒಂದಿನಾನೂ ಕೆಡಕ ಅನಿಸಿಲ್ಲ.

ಕುಡ್ಲ_ಕಾಂದಿವಲಿ:
ನೌಕರಿ ಹಿಡಿದು ಇಪ್ಪತ್ತಕ್ಕೇ ಆಟ ಮುಗಿಸಿ ಅಂತ ಹೇಳುದಾ ಮಾರಾಯ್ರೆ? 2024ರ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್‌ಗೆ 78 ಲಕ್ಷ. ಅವರೂ ಡಿಫೆಂಡರ್, ಡ್ರ್ಯಾಗ್ ಫ್ಲಿಕರ್. ಆಗ ತಂಡಕ್ಕೆ 24 ಜನ, ಅದರಲ್ಲಿ ಕಡ್ಡಾಯ 4 ಜೂನಿಯರ್ ಇತ್ತು. ಎಂಟು ತಂಡ ಅಂದರೆ 32 ಜಾಗ ಹುಡುಗರಿಗೇ ಇತ್ತು.

ದಾದರ್_ಧಾರವಾಡ:
78 ಲಕ್ಷ ಹೇಳಿದ್ರಿ, ಕೆಳಗಿನದ್ದು ಯಾಕ ಹೇಳಲಿಲ್ಲ? ಆ ಹರಾಜಿನ್ಯಾಗ ಮೂಲ ಬೆಲೆ 10, 5, 2 ಲಕ್ಷ ಇತ್ತು. ಹೊಸ ಹುಡುಗ 2ಕ್ಕ ಹೋಗ್ತಾನ. 10% ಟಿಡಿಎಸ್ ಹೋಗಿ ಕೈಗೆ 1,80,000, ಅದೂ ವರ್ಷದಾಗ ಐದು ವಾರದ ಆಟಕ್ಕ. ಮತ್ತ ಆ ಲೀಗ್ 2017ಕ್ಕ ನಿಂತದ್ದು ತಿರುಗಿ ಸುರು ಆದದ್ದು 2024ರ ಡಿಸೆಂಬರ್‌ಗೆ. ಅವಾಗ 17 ಇದ್ದಾಂವಗ ಅಷ್ಟೊತ್ತಿಗೆ 24. ಆ ಲೀಗ್‌ನ ಹಳೇ ತಂಡ ಮುಂಬೈ ಮ್ಯಾಜಿಶಿಯನ್ಸ್ ಎಲ್ಲಿ? ದಬಂಗ್ ಮುಂಬೈ ಎಲ್ಲಿ?

ಕುಡ್ಲ_ಕಾಂದಿವಲಿ:
ಟಿಡಿಎಸ್ ರಿಟರ್ನ್ಸ್ ಹಾಕಿದರೆ ವಾಪಸ್ ಬರ್ತದೆ, ಅಷ್ಟೂ ಗೊತ್ತಿಲ್ಲವಾ?

ಮುಲುಂಡ್_ರಾಯರು:
ಬರುತ್ತೆ, ಪ್ಯಾನ್ ಇದ್ದರೆ. ಇಲ್ಲದಿದ್ದರೆ 20% ಹಿಡೀತಾರೆ. ಆಟದ ದುಡ್ಡು ಹುಡುಗನ ಸ್ವಂತ ಪ್ರತಿಭೆಯ ಗಳಿಕೆ, ಅಪ್ಪನ ಆದಾಯಕ್ಕೆ ಸೇರಲ್ಲ. ಅಪ್ರಾಪ್ತನಾದರೂ ಅವನ ಹೆಸರಲ್ಲೇ ಪ್ಯಾನ್, ಅವನ ಹೆಸರಲ್ಲೇ ರಿಟರ್ನ್ಸ್.

ಖಡ್ಕಿ_ಕೊಡವ:
ಎಲ್ಲರೂ ದುಡ್ಡು ಎಣಿಸ್ತಿದ್ದೀರಿ, ಹುಡುಗನ ಸೊಂಟ ಯಾರೂ ನೋಡಲಿಲ್ಲ. ಡ್ರ್ಯಾಗ್ ಫ್ಲಿಕ್ ಅಂದರೆ ಎಡಗಾಲು ಊರಿ, ಬಗ್ಗಿದ ಸೊಂಟವನ್ನು ಜೋರಾಗಿ ತಿರುಗಿಸೋದು. ಈ ವಯಸ್ಸಲ್ಲಿ ಕೆಳಬೆನ್ನಿನ ಮೂಳೆಗೆ ಕೂದಲೆಳೆ ಬಿರುಕು ಬರೋದು ಹೀಗೇ. ಒಂಟಿ ಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದಾಗ ನೋವಾದರೆ ಅವತ್ತೇ ಫ್ಲಿಕ್ ನಿಲ್ಲಿಸಿ. ಶುರುವಿನ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ಎಂಆರ್‌ಐ ಬೇಕು. ಇದಕ್ಕೆ ವಿಶ್ರಾಂತಿ ಸಾಮಾನ್ಯವಾಗಿ ಮೂರು ತಿಂಗಳು. ಈಗ ಆ 60 ದಿನದ ಸಾಲು ಇನ್ನೊಮ್ಮೆ ಓದಿ. ನಿಮ್ಮ ಹುಡುಗನಿಗೆ ಬರಬಹುದಾದ ಗಾಯಕ್ಕೇ ಅಳತೆ ಹಿಡಿದು ಹೊಲಿದ ಹಾಗಿದೆ! "ಆಡುವಾಗ ಆದ ಗಾಯಕ್ಕೆ 180 ದಿನ ಪೂರ್ತಿ ಸ್ಟೈಪೆಂಡ್, ಎಂಆರ್‌ಐ ಮತ್ತು ಫಿಸಿಯೋ ಖರ್ಚು ಅಕಾಡೆಮಿಯದ್ದು" ಅಂತ ಆಗಬೇಕು. ದಿನಕ್ಕೆ ಎಷ್ಟು ಫ್ಲಿಕ್ ಅನ್ನೋದನ್ನೂ ಬರೆಸಿ. ನನ್ನ ಲೆಕ್ಕದಲ್ಲಿ ವಾರಕ್ಕೆ 3 ದಿನ, ದಿನಕ್ಕೆ 30.

ಬೆಳೀತಾನಾ ಅಂದ್ರೆ, ಫ್ಲಿಕ್ ನೋಡಿ ಹೇಳೋಕಾಗಲ್ಲ. ಚೆಂಡು ಬರೋ ಮೊದಲು ತಲೆ ಎತ್ತಿ ನೋಡ್ತಾನಾ? ಬಲಗಡೆ ಒತ್ತಡ ಬಿದ್ದಾಗ ಎಡಕ್ಕೆ ತಿರುಗಿಸಿ ಪಾಸ್ ಕೊಡ್ತಾನಾ, ಸುಮ್ಮನೆ ಹೊರಗೆ ಹೊಡೀತಾನಾ? ನಾಲ್ಕನೇ ಕ್ವಾರ್ಟರ್‌ನಲ್ಲಿ ಟ್ಯಾಕಲ್‌ಗೆ ಕಾಲು ಬಗ್ಗುತ್ತಾ, ಸ್ಟಿಕ್ ಮಾತ್ರ ಚಾಚ್ತಾನಾ? ಬ್ಯಾಕ್‌ಗಳು ತಡವಾಗಿ ಪಕ್ವ ಆಗ್ತಾರೆ.

ಕುಡ್ಲ_ಕಾಂದಿವಲಿ:
30 ಫ್ಲಿಕ್‌ನಲ್ಲಿ ಯಾರೂ ಫ್ಲಿಕರ್ ಆಗುದಿಲ್ಲ. ಸ್ಟಿಕ್ ಸರಿ ಇಲ್ಲದಿದ್ದರೆ ಸೊಂಟಕ್ಕೆ ಪೆಟ್ಟು. ಲೋ ಬೋ (ಬಾಗು ಬುಡದ ಹತ್ತಿರ ಇರುವ ಸ್ಟಿಕ್) ಕೊಡಿಸಿ, ಬಾಗು 30 ಮಿಲಿಮೀಟರ್.

ಖಡ್ಕಿ_ಕೊಡವ:
ದಯವಿಟ್ಟು ತಪ್ಪು ಹೇಳಬೇಡಿ. ನಿಯಮದಲ್ಲಿ ಬಾಗು 25 ಮಿಲಿಮೀಟರ್ ಮೀರುವಂತಿಲ್ಲ, ಆ ಗರಿಷ್ಠ ಬಾಗು ಬುಡದಿಂದ 200 ಮಿಲಿಮೀಟರ್‌ಗಿಂತ ಕೆಳಗೆ ಬರುವಂತಿಲ್ಲ. ಅಂಪೈರ್ ಅಳೆದರೆ ಸ್ಟಿಕ್ ಹೊರಗೆ. ಮತ್ತೆ ಫುಲ್ ಬ್ಯಾಕ್‌ಗೆ ಪೂರ್ತಿ ಲೋ ಬೋ ಕೊಟ್ಟರೆ ಉದ್ದ ಹಿಟ್ ಹೊಡೆದಾಗೆಲ್ಲ ಚೆಂಡು ಏಳುತ್ತೆ. ಒಂದು ಮಿಡ್ ಬೋ (ಬಾಗು ನಡುವೆ ಇರೋದು) ಆಟಕ್ಕೆ, ಒಂದು ಲೋ ಬೋ ಪೆನಾಲ್ಟಿ ಕಾರ್ನರ್‌ಗೆ. ವರ್ಷಕ್ಕೆ 2 ಸ್ಟಿಕ್ ಅಂದರೆ ಮುರಿದರೆ ಕೊಡೋಕೆ ಒಂದೂ ಇಲ್ಲ. 4 ಅಂತ ಬರೆಸಿ.

ದಾದರ್_ಧಾರವಾಡ:
ಮಡಿಕೇರಿ ಮಂದಿಗೆ ಸ್ಟಿಕ್ ಬಿಟ್ರ ಮಾತಿಲ್ಲ ನೋಡ್ರಿ.

ಖಡ್ಕಿ_ಕೊಡವ:
ಫಾರ್ಮ್ 2 ಬಿಟ್ಟರೆ ನಿಮಗೂ ಇಲ್ಲ.

ಪಿಂಪ್ರಿ_ಅಪ್ಪ:
ಎಲ್ಲರಿಗೂ ಧನ್ಯವಾದ. ಇವತ್ತು ಫೋನ್ ಮಾಡಿದೆ. 60ನ್ನು 120 ಮಾಡ್ತೀವಿ ಅಂದರು, ಹಳೇ ಕಾಗದದ ಮೇಲೇ ಪೆನ್ನಲ್ಲಿ ತಿದ್ದಿ ವಾಟ್ಸಾಪ್ ಕಳಿಸಿದ್ದಾರೆ. ಎನ್‌ಒಸಿ ಮಾತು ಎತ್ತಿದರೆ "ಅದೆಲ್ಲ ನಂಬಿಕೆ ಮೇಲೆ" ಅಂತಾರೆ.

ಮುಲುಂಡ್_ರಾಯರು:
ಪೆನ್ನಿನ ತಿದ್ದುಪಡಿ ಬೇಡ, ಹೊಸದಾಗಿ ಟೈಪ್ ಮಾಡಿಸಿ. ಎನ್‌ಒಸಿ ಸಾಲು ಬರೋವರೆಗೆ ಮೂಲ ಜನನ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್ ಅವರ ಕೈಗೆ ಕೊಡಬೇಡಿ. ಜೆರಾಕ್ಸ್ ಸಾಕು.

ಕುಡ್ಲ_ಕಾಂದಿವಲಿ:
ಕೊಡವರೇ, ಆ ಮಿಡ್ ಬೋ 37.5 ಇಂಚಿನದ್ದು ಪುಣೆಯಲ್ಲಿ ಎಲ್ಲಿ ಸಿಗ್ತದೆ?