ಡಿಗ್ರಿ ಮುಗೀತಾ ಬಂತು: ಬಿ.ಪಿ.ಎಡ್ ಸೇರಲಾ, ಜಿಮ್ ಟ್ರೇನರ್ ಆಗಲಾ?

ರೈಡರ್_ಹಾವೇರಿ:

ಎಲ್ಲರಿಗೂ ನಮಸ್ಕಾರ. ಬಿ.ಎ. ಕೊನೇ ಸೆಮಿಸ್ಟರ್‌ನಲ್ಲಿದ್ದೇನೆ. ಕಬಡ್ಡಿ ಆಡುತ್ತೇನೆ, ರೈಡರ್. ಎರಡು ವರ್ಷ ಅಂತರ ಕಾಲೇಜು ಆಡಿದ್ದೇನೆ, ಒಂದು ಸಲ ನಮ್ಮ ಟೀಮು ಮೂರನೇ ಸ್ಥಾನ ಬಂದಿತ್ತು. ಯೂನಿವರ್ಸಿಟಿ ಸೆಲೆಕ್ಷನ್‌ಗೂ ಹೋಗಿದ್ದೆ, ಕೊನೇ ಹದಿನೈದರಲ್ಲಿ ಹೆಸರಿತ್ತು, ಹನ್ನೆರಡರಲ್ಲಿ ಇರಲಿಲ್ಲ. ಹೋಗಲಿ ಬಿಡಿ ಅದು.

ಈಗ ಮನೆಯಲ್ಲಿ ದಿನಾ ಮುಂದೇನು ಅನ್ನೋದೇ ಮಾತು. ಅಪ್ಪನಿಗೆ ಬಿ.ಎಡ್ ಮಾಡಿಸುವ ಆಸೆ, ನನಗೆ ಬಿ.ಪಿ.ಎಡ್ (ದೈಹಿಕ ಶಿಕ್ಷಣ ಶಿಕ್ಷಕರ ಕೋರ್ಸು) ಮೇಲೆ ಮನಸ್ಸು. ಮೊನ್ನೆ ಊಟಕ್ಕೆ ಬಂದಿದ್ದ ಸೋದರಮಾವ "ಪಿ.ಟಿ. ಮೇಷ್ಟ್ರಾಗಿ ಏನು ಮಾಡ್ತೀಯೋ, ಪ್ರಾರ್ಥನೆಗೆ ಸಾಲು ನಿಲ್ಲಿಸೋದು, ವಿಸಲ್ ಊದೋದು, ಅಷ್ಟೇ ತಾನೇ" ಅಂದುಬಿಟ್ಟರು. ಬೆಂಗಳೂರಲ್ಲಿರುವ ಗೆಳೆಯ ಜಿಮ್ ಸರ್ಟಿಫಿಕೇಟ್ ಮಾಡು, ಮೂರೇ ತಿಂಗಳು ಅನ್ನುತ್ತಾನೆ. ಇನ್ನೊಬ್ಬ ಎನ್‌ಐಎಸ್ ಮಾಡು ಅನ್ನುತ್ತಾನೆ, ಅದೇನು ಅಂತ ಅವನಿಗೂ ಸರಿಯಾಗಿ ಗೊತ್ತಿಲ್ಲ. ಇದರ ಮಧ್ಯೆ ಒಬ್ಬ ಏಜೆಂಟ್ ಫೋನ್ ಮಾಡಿದ್ದ. ಬೇರೆ ರಾಜ್ಯದ ಕಾಲೇಜಂತೆ, ಕ್ಲಾಸಿಗೆ ಹೋಗೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು, ಬಿ.ಪಿ.ಎಡ್ ಕೈಗೆ ಬರುತ್ತೆ ಅಂದ. ಫೀಸು ಎರಡು ಕಂತು.

ಈ ಲೈನಲ್ಲಿ ಇರುವವರು ಯಾರಾದರೂ ಇದ್ದರೆ ನೇರವಾಗಿ ಹೇಳಿ. ಬೈದರೂ ಪರವಾಗಿಲ್ಲ.

ಸುಣ್ಣದ_ಡಬ್ಬ:

ತಮ್ಮಾ, ನಾನು ಹೈಸ್ಕೂಲು ದೈಹಿಕ ಶಿಕ್ಷಣ ಶಿಕ್ಷಕ, ಹದಿನಾರು ವರ್ಷ ಆಯ್ತು. ಮೊದಲು ಆ ಏಜೆಂಟನ ನಂಬರ್ ಬ್ಲಾಕ್ ಮಾಡು, ಆಮೇಲೆ ಮಿಕ್ಕಿದ್ದು ಓದು.

ನಮ್ಮ ಕಾಲದಲ್ಲಿ ಬಿ.ಪಿ.ಎಡ್ ಒಂದೇ ವರ್ಷ ಇತ್ತು. ಶಿಕ್ಷಕರ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇಯ 2014ರ ನಿಯಮ ಬಂದ ಮೇಲೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಸಾಮಾನ್ಯ ಡಿಗ್ರಿಯವರಿಗೆ 50 ಪರ್ಸೆಂಟ್ ಬೇಕು, ಜೊತೆಗೆ ಅಂತರ ಕಾಲೇಜು ಮಟ್ಟದಲ್ಲಾದರೂ ಆಡಿದ ಸರ್ಟಿಫಿಕೇಟ್ ಇರಬೇಕು. ಅಂತರ ಕಾಲೇಜಲ್ಲಿ ಮೊದಲ ಮೂರು ಸ್ಥಾನದೊಳಗೆ ಬಂದಿದ್ದರೆ 45 ಸಾಕು. ನಿನ್ನ ಆ ಮೂರನೇ ಸ್ಥಾನದ ಸರ್ಟಿಫಿಕೇಟ್ ಟ್ರಂಕಲ್ಲಿ ಎಲ್ಲೋ ಬಿದ್ದಿದ್ದರೆ ಇವತ್ತೇ ತೆಗೆದು ಲ್ಯಾಮಿನೇಷನ್ ಮಾಡಿಸದೆ ಹಾಗೇ ಫೈಲಿಗೆ ಹಾಕು, ಲ್ಯಾಮಿನೇಷನ್ ಮಾಡಿದರೆ ಹಿಂದೆ ಸೀಲ್ ಹಾಕೋಕೆ ಆಗಲ್ಲ ಅಂತ ನನ್ನನ್ನ ಒಂದು ಆಫೀಸಲ್ಲಿ ಎರಡು ದಿನ ಅಲೆಸಿದ್ದರು.

ಇನ್ನು ಕೋರ್ಸು. ಎರಡು ವರ್ಷ ಕಬಡ್ಡಿ ಆಡಿಕೊಂಡು ಇರಬಹುದು ಅಂದುಕೊಂಡು ಬಂದವರೇ ಮೊದಲ ತಿಂಗಳಲ್ಲಿ ಮುಖ ಒಣಗಿಸಿಕೊಳ್ಳೋದು. ಬೆಳಿಗ್ಗೆ ಗ್ರೌಂಡು, ಆಮೇಲೆ ಅನಾಟಮಿ, ಫಿಸಿಯಾಲಜಿ, ಮುಂದೆ ಕಿನೆಸಿಯಾಲಜಿ (ದೇಹದ ಚಲನೆಯ ಪಾಠ), ಟೆಸ್ಟ್ ಅಂಡ್ ಮೆಜರ್‌ಮೆಂಟ್. ಬಿ.ಎ. ಓದಿ ಬಂದ ಹುಡುಗರಿಗೆ ಮೂಳೆ, ಸ್ನಾಯುಗಳ ಹೆಸರು ಬಾಯಿಪಾಠ ಮಾಡೋದು ಸುಮ್ನೆ ಅಲ್ಲ. ಮಧ್ಯಾಹ್ನ ಮತ್ತೆ ಗ್ರೌಂಡು. ಕವಾಯತು, ಲೆಜಿಮ್, ಡಂಬೆಲ್ಸ್, ಯೋಗ, ಜಿಮ್ನಾಸ್ಟಿಕ್ಸ್. ನೀನು ಆಡದೇ ಇರೋ ಆಟವನ್ನೂ ಕಲಿಸೋಕೆ ಕಲಿಯಬೇಕು. ಆಮೇಲೆ ಲೆಸನ್ ಪ್ಲಾನ್ ಬರೆದುಕೊಂಡು ಶಾಲೆಗೆ ಹೋಗಿ ಪಾಠ ಮಾಡಬೇಕು. ಅರವತ್ತು ಮಕ್ಕಳು, ಒಂದೇ ವಾಲಿಬಾಲ್, ನಲವತ್ತು ನಿಮಿಷ. ಇದು ಬಂದರೆ ಮೇಷ್ಟ್ರು, ಬರಲಿಲ್ಲ ಅಂದರೆ ನಿಮ್ಮ ಮಾವ ಹೇಳಿದ ವಿಸಲ್ ಊದೋನು.

ಒಂದು ಕೆಲಸ ಹೇಳುತ್ತೇನೆ, ಮಾಡಿ ನೋಡು. ಭಾನುವಾರ ನೀನು ಓದಿದ ಹೈಸ್ಕೂಲು ಮೈದಾನಕ್ಕೆ ಹೋಗಿ 200 ಮೀಟರ್ ಟ್ರ್ಯಾಕ್ ಹಾಕು. ಲೆಕ್ಕ ಕೊಡುತ್ತೇನೆ. ಎರಡು ನೇರ ಭಾಗ, ಒಂದೊಂದು 40 ಮೀಟರ್. ಉಳಿದ 120 ಮೀಟರ್ ಎರಡು ಅರ್ಧ ವೃತ್ತಕ್ಕೆ ಹೋಗುತ್ತೆ, ಅಂದರೆ ಓಡುವ ದಾರಿಯ ತ್ರಿಜ್ಯ 19.10 ಮೀಟರ್. ಆದರೆ ಓಡೋನು ಗೆರೆ ಮೇಲೆ ಓಡಲ್ಲ, ಗೆರೆಯಿಂದ 20 ಸೆಂಟಿಮೀಟರ್ ಆಚೆ ಓಡುತ್ತಾನೆ ಅಂತ ಲೆಕ್ಕ. ಹಾಗಾಗಿ ಹಗ್ಗ ಹಿಡಿದು ಗೆರೆ ಎಳೆಯುವಾಗ 18.90. ಲೇನ್ ಅಗಲ 1.22. ಹೊರಗಿನ ಲೇನಿನ ಸುತ್ತು ಉದ್ದ, ಹಾಗಾದರೆ ಎರಡನೇ ಲೇನಿನವನನ್ನ ಎಷ್ಟು ಮುಂದೆ ನಿಲ್ಲಿಸಬೇಕು? ಬರೀ ಸುಣ್ಣದ ಗೆರೆಯಾದರೆ 7.67 ಮೀಟರ್. ಒಳಗಡೆ ಎತ್ತರದ ಅಂಚು ಇರುವ ಟ್ರ್ಯಾಕಲ್ಲಿ ಮೊದಲ ಲೇನನ್ನ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ, ಅದಕ್ಕೇ ಅಲ್ಲಿ 7.04. ಮಜಾ ಏನಂದರೆ ಪೂರ್ತಿ ಒಂದು ಸುತ್ತಿನ ಓಟಕ್ಕೆ ಈ ಅಂತರ 200ರ ಟ್ರ್ಯಾಕಿಗೂ 400ರ ಟ್ರ್ಯಾಕಿಗೂ ಒಂದೇ. ಯಾಕೆ ಅಂತ ನೀನೇ ಯೋಚನೆ ಮಾಡು. ಹೋಬಳಿ ಕ್ರೀಡಾಕೂಟದಲ್ಲಿ ಇದನ್ನ ತಪ್ಪು ಹಾಕಿ, ಎರಡನೇ ಲೇನಿನ ಹುಡುಗಿ ಸೋತು ಅಳುತ್ತಾ ಹೋಗಿದ್ದು ನನ್ನ ಮೊದಲ ವರ್ಷದ ನೆನಪು. ಅವಳು ಸೋತಿರಲಿಲ್ಲ, ನಾನು ಸೋಲಿಸಿದ್ದೆ.

ಒಂದು ದಿನ ಇದನ್ನ ಮಾಡಿ ಬೇಜಾರಾಗಲಿಲ್ಲ ಅಂದರೆ ಕೋರ್ಸಿಗೆ ಸೇರು.

ಡೆಡ್‌ಲಿಫ್ಟ್_ಮಂಜ:

ಮೇಲಿನ ಸರ್ ಬ್ಲಾಕ್ ಮಾಡು ಅಂದಿದ್ದು ಯಾಕೆ ಅಂತ ನಾನು ಹೇಳುತ್ತೇನೆ, ಆ ಬಾವಿಗೆ ನಾನೇ ಬಿದ್ದಿದ್ದೆ. ಬೇರೆ ರಾಜ್ಯದ ಒಂದು ಕಾಲೇಜು, ಹೆಸರು ಬೇಡ. ಎರಡೇ ಸಲ ನೋಡಿದ್ದು ಅದನ್ನ, ಪರೀಕ್ಷೆಗೆ ಅಂತ. ಮೈದಾನದಲ್ಲಿ ಎಮ್ಮೆ ಮೇಯುತ್ತಿತ್ತು, ಆಗಲೇ ಬುದ್ಧಿ ಬರಬೇಕಿತ್ತು ಅಲ್ವಾ? ಸರ್ಟಿಫಿಕೇಟ್ ಬಂತು, ಮನೆಯಲ್ಲಿ ಹೋಳಿಗೆನೂ ಆಯ್ತು. ಆಮೇಲೆ ಒಂದು ಕೆಲಸದ ದಾಖಲೆ ಪರಿಶೀಲನೆಯಲ್ಲಿ ನಾನು ಓದಿದ ವರ್ಷಕ್ಕೆ ಆ ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇಲ್ಲ ಅಂತ ಪಕ್ಕಕ್ಕೆ ಕೂರಿಸಿದರು. ಅಪ್ಪ ಒಂದು ಜೊತೆ ಎತ್ತು ಮಾರಿ ಕೊಟ್ಟ ದುಡ್ಡು. ಮಾನ್ಯತೆ ಇರುವ ಕಾಲೇಜುಗಳ ಪಟ್ಟಿ ಎನ್‌ಸಿಟಿಇ ವೆಬ್‌ಸೈಟಲ್ಲೇ ರಾಜ್ಯವಾರು ಸಿಗುತ್ತೆ. ನೀನು ಸೇರುವ ಕಾಲೇಜು, ನೀನು ಸೇರುವ ಕೋರ್ಸು, ಎರಡೂ ಅದರಲ್ಲಿದೆಯಾ ನೋಡು. ಬಿ.ಎಡ್‌ಗೆ ಮಾನ್ಯತೆ ಇದ್ದ ಮಾತ್ರಕ್ಕೆ ಬಿ.ಪಿ.ಎಡ್‌ಗೂ ಇದೆ ಅಂತಲ್ಲ.

ಈಗ ಬೆಂಗಳೂರಲ್ಲಿ ಜಿಮ್ ಟ್ರೇನರ್. ನಿನ್ನ ಗೆಳೆಯ ಹೇಳಿದ ಮೂರು ತಿಂಗಳ ಸರ್ಟಿಫಿಕೇಟಲ್ಲಿ ಕೆಲಸ ಸಿಗುತ್ತೆ, ಸುಳ್ಳಲ್ಲ. ಬೆಳಿಗ್ಗೆ ಐದೂವರೆಗೆ ಶಟರ್ ಎತ್ತಬೇಕು, ಹತ್ತಕ್ಕೆ ಖಾಲಿ, ಮತ್ತೆ ಸಂಜೆ ಐದರಿಂದ ರಾತ್ರಿ ಹತ್ತು. ಸಂಬಳ ನೆಪಕ್ಕೆ, ದುಡ್ಡು ಬರೋದು ಪರ್ಸನಲ್ ಟ್ರೇನಿಂಗ್ ಕ್ಲೈಂಟ್‌ಗಳಿಂದ. ಜನವರಿಯಲ್ಲಿ ಎಲ್ಲರೂ ಬರುತ್ತಾರೆ, ಮಾರ್ಚಿಗೆ ನಾನು, ಡಂಬೆಲ್ಲು, ಫ್ಯಾನು. ಎಸಿಇ, ಎಸಿಎಸ್‌ಎಂ ತರದ ಹೊರದೇಶದ ಸರ್ಟಿಫಿಕೇಟ್ ಇದ್ದರೆ ದೊಡ್ಡ ಜಿಮ್‌ಗಳಲ್ಲಿ ಬೆಲೆ ಜಾಸ್ತಿ, ಆದರೆ ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷಲ್ಲಿ. ಕೆಲಸ ಕೆಟ್ಟದ್ದಲ್ಲ. ಮಂಡಿ ನೋವು ಅಂತ ಬಂದ ಆಂಟಿಯೊಬ್ಬರು ಆರು ತಿಂಗಳಾದ ಮೇಲೆ ಮೆಟ್ಟಿಲು ಹತ್ತಿ ಬಂದು ಚಕ್ಕುಲಿ ಡಬ್ಬ ಕೊಟ್ಟರು. ಆದರೆ ಶಾಲೆಯಲ್ಲಿ ಕಲಿಸೋಕೆ ಈ ಸರ್ಟಿಫಿಕೇಟ್ ನಡೆಯಲ್ಲ, ಇದು ತಲೆಯಲ್ಲಿರಲಿ.

ಹನ್ನೆರಡು_ನಿಮಿಷ:

ನಾನು ಎಂ.ಪಿ.ಎಡ್ (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಮುಗಿಸಿ ಈಗ ಒಂದು ಖಾಸಗಿ ಕಾಲೇಜಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ, ಎಲ್ಲರೂ ಪಿ.ಡಿ. ಮೇಡಂ ಅನ್ನುತ್ತಾರೆ. ಎನ್‌ಐಎಸ್ ಬಗ್ಗೆ ಇಬ್ಬರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಎನ್‌ಐಎಸ್ ಅಂದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, 1961ರಲ್ಲಿ ಶುರುವಾಗಿದ್ದು. ಅಲ್ಲಿ ಸಿಗೋದು ಕೋಚಿಂಗ್ ಡಿಪ್ಲೊಮಾ, ಒಂದು ವರ್ಷ, ಒಂದೇ ಆಟಕ್ಕೆ. ನಮ್ಮ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲೂ ಕೆಲವು ಆಟಗಳಿಗೆ ನಡೆಯುತ್ತೆ, ಆ ವರ್ಷದ ಪ್ರಕಟಣೆ ನೋಡಿಕೊಳ್ಳಬೇಕು. ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಬಹಳ ಜನ ಆರು ವಾರದ್ದನ್ನ ಮಾಡಿ ಎನ್‌ಐಎಸ್ ಕೋಚ್ ಅಂತ ಬೋರ್ಡ್ ಹಾಕಿಕೊಳ್ಳುತ್ತಾರೆ, ಎರಡೂ ಒಂದೇ ಅಲ್ಲ. ಕೋಚ್ ಆಗಬೇಕು ಅಂದರೆ ಆ ಡಿಪ್ಲೊಮಾ, ಮೇಷ್ಟ್ರಾಗಬೇಕು ಅಂದರೆ ಬಿ.ಪಿ.ಎಡ್. ನಿನ್ನ ಪ್ರಶ್ನೆಯನ್ನ ಎರಡು ಸಲ ಓದಿದೆ. ಕಬಡ್ಡಿ ಇಷ್ಟ ಅಂತ ಗೊತ್ತಾಯ್ತು, ಮಕ್ಕಳಿಗೆ ಕಲಿಸೋದು ಇಷ್ಟವಾ ಅಂತ ಎಲ್ಲೂ ಬರೆದಿಲ್ಲ.

ಕೆಲಸದ ವಿಷಯ ಮುಚ್ಚಿಡಲ್ಲ. ಸರ್ಕಾರಿ ಹೈಸ್ಕೂಲು ನೇಮಕಾತಿ ವರ್ಷ ವರ್ಷ ಬರಲ್ಲ. ಮೊರಾರ್ಜಿ ದೇಸಾಯಿಯಂಥ ವಸತಿ ಶಾಲೆಗಳಲ್ಲಿ, ನವೋದಯದಲ್ಲಿ ಈ ಹುದ್ದೆ ಇದೆ, ಪೈಪೋಟಿಯೂ ಇದೆ. ಖಾಸಗಿ ಶಾಲೆಗಳಲ್ಲಿ ಬೇಗ ಸಿಗುತ್ತೆ, ಸಂಬಳ ಕಮ್ಮಿ, ಮೇಲೆ ಬಸ್ ಡ್ಯೂಟಿ. ಡಿಗ್ರಿ ಕಾಲೇಜಿನ ಹುದ್ದೆಗೆ ಎಂ.ಪಿ.ಎಡ್‌ನಲ್ಲಿ 55 ಪರ್ಸೆಂಟ್, ನೆಟ್ ಅಥವಾ ಕೆಸೆಟ್ (ಕಾಲೇಜಿನ ಹುದ್ದೆಗೆ ಬೇಕಾದ ಅರ್ಹತಾ ಪರೀಕ್ಷೆಗಳು), ಇಷ್ಟು ಸಾಲದು ಅಂತ ಯುಜಿಸಿಯ 2018ರ ನಿಯಮದಲ್ಲಿ ಓಟದ ಪರೀಕ್ಷೆ ಬೇರೆ. 30 ವರ್ಷದವರೆಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್. ನಿನಗೆ ಇದೇನು ಮಹಾ ಅನ್ನಿಸಬಹುದು. ನೆಟ್ ಓದುತ್ತಾ ಎರಡು ವರ್ಷ ಕೂತ ಮೇಲೆ ಓಡಿ ನೋಡು. (ನನ್ನ ಹೆಸರು ನೋಡಿ ನಗಬೇಡಿ, ನಾನು ಗಂಡಸರ ಲೆಕ್ಕದಲ್ಲೇ ಅಭ್ಯಾಸ ಮಾಡಿದ್ದು.)

ಬಿ.ಎಡ್ ಬಗ್ಗೆ ಅಪ್ಪನ ಹತ್ತಿರ ಜಗಳ ಆಡಬೇಡ. ಅದೂ ಎರಡು ವರ್ಷ, ಅದಕ್ಕೂ ನೇಮಕಾತಿಗೆ ಕಾಯಲೇಬೇಕು, ಇಷ್ಟು ಹೇಳು ಸಾಕು.

ರೈಡರ್_ಹಾವೇರಿ:

ಮೂವರಿಗೂ ತುಂಬಾ ಥ್ಯಾಂಕ್ಸ್. ಏಜೆಂಟ್ ಬ್ಲಾಕ್ ಆದ. ಮಂಜಣ್ಣ, ನಿಮ್ಮ ಎಮ್ಮೆ ವಿಷಯ ಅಪ್ಪನಿಗೆ ಓದಿ ಹೇಳಿದೆ, ನಗಲಿಲ್ಲ, ಎತ್ತು ಅಂದ ಕೂಡಲೇ ಸುಮ್ಮನಾದರು.

ಸರ್, ಭಾನುವಾರ ಟ್ರ್ಯಾಕ್ ಹಾಕಿದೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದ್ದು, ಹನ್ನೊಂದಾಯ್ತು. ಮೊದಲನೇ ಸಲ ತೆಂಗಿನ ನಾರಿನ ಹಗ್ಗ ಹಿಡಿದಿದ್ದೆ, ಎಳೆದ ಹಾಗೆಲ್ಲ ಹಿಗ್ಗಿ ಅರ್ಧ ವೃತ್ತ ಹೋಗಿ ಮೊಟ್ಟೆ ಆಯ್ತು. ಆಮೇಲೆ ಬೈಂಡಿಂಗ್ ತಂತಿ ತಂದೆ. ಕ್ರಿಕೆಟ್ ಆಡೋಕೆ ಬಂದಿದ್ದ ಏಳೆಂಟು ಹುಡುಗರು ಗೂಟ ಹಿಡಿದರು, 7.67 ಅಳೆದು ಎರಡನೇ ಲೇನಲ್ಲಿ ಒಬ್ಬನನ್ನ ನಿಲ್ಲಿಸಿದಾಗ "ಅವನು ಮುಂದೆ ನಿಂತಾನ, ಮೋಸ" ಅಂತ ಒಬ್ಬ ಗಲಾಟೆ ತೆಗೆದ. ಅವನಿಗೆ ಅರ್ಥ ಮಾಡಿಸೋಕೆ ಇನ್ನೊಂದು ಅರ್ಧ ಗಂಟೆ ಹೋಯ್ತು, ತಂತಿ ಹಿಡಿಸಿ ಎರಡೂ ಲೇನು ಸುತ್ತಿಸಿದೆ. ಅಷ್ಟರಲ್ಲಿ ನನಗೂ ಅರ್ಥ ಆಯ್ತು. ತ್ರಿಜ್ಯ ಎಷ್ಟೇ ಇರಲಿ, ಹೆಚ್ಚಾಗೋದು ಲೇನಿನ ಅಗಲದಷ್ಟೇ, ಅದಕ್ಕೇ ಎರಡೂ ಟ್ರ್ಯಾಕಿಗೂ ಒಂದೇ. ಸರಿ ತಾನೇ?

ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರ ಆ ಅರ್ಧ ಗಂಟೆ ಅಂದುಕೊಳ್ಳುತ್ತೇನೆ. ಧಾರವಾಡ, ಶಿವಮೊಗ್ಗ ಕಡೆಯ ಕಾಲೇಜುಗಳನ್ನ ಪಟ್ಟಿಯಲ್ಲಿ ನೋಡುತ್ತಿದ್ದೇನೆ.

ಒಂದೇ ತೊಂದರೆ, ಬೆರಳೆಲ್ಲ ಉರಿಯುತ್ತಿದೆ.

ಸುಣ್ಣದ_ಡಬ್ಬ:

ಸರಿ ಇದೆ ಲೆಕ್ಕ. ಬರಿಗೈಯಲ್ಲಿ ಸುಣ್ಣ ಹಾಕಿದೆಯಾ ಮಾರಾಯ? ಚೆನ್ನಾಗಿ ನೀರಲ್ಲಿ ತೊಳೆದುಕೋ. ಮುಂದಿನ ಸಲ ಹಳೇ ಹಾಲಿನ ಪುಡಿ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದುಕೊಂಡು ಹೋಗು, ನನ್ನ ಹೆಸರು ಬಂದಿದ್ದೇ ಅದರಿಂದ.