ಸಹಾಯ ಬೇಕು: ಟೆಸ್ಟ್‌ಗೆ ಸ್ಯಾಂಪಲ್ ಡೇಟಾ ತುಂಬಿದ್ರೆ ಡೂಪ್ಲಿಕೇಟ್ ಐಡಿ ಎರರ್

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೀನಿ, ಜ್ಯಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಗೊತ್ತಿರೋರು ದಯವಿಟ್ಟು ನೋಡಿ.

ಹಾಲಿನ ಡೈರಿ ಲೆಕ್ಕದ ಒಂದು ವೆಬ್ ಆ್ಯಪ್ ಮಾಡ್ತಿದ್ದೀನಿ. ಟೆಸ್ಟ್‌ಗೆ ಅಂತ 40 ಜನ ಉತ್ಪಾದಕರ ಹೆಸರು, ಬೆಳಗ್ಗೆ-ಸಂಜೆ ಹಾಕಿದ ಲೀಟರು, ಫ್ಯಾಟು ಎಲ್ಲಾ ಒಂದು ಎಸ್‌ಕ್ಯೂಎಲ್ ಫೈಲ್‌ನಲ್ಲಿ ಬರೆದು, ಐಡಿ 1ರಿಂದ 40ರವರೆಗೆ ನಾನೇ ಕೊಟ್ಟು ಇನ್ಸರ್ಟ್ ಮಾಡ್ತೀನಿ. ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಇಷ್ಟು ದಿನ ಸುಸೂತ್ರವಾಗಿ ಓಡ್ತಿತ್ತು. ಪೋಸ್ಟ್‌ಗ್ರೆಸ್‌ಗೆ ಬದಲಾಯಿಸಿದ್ದೇ ತಡ, ಟೆಸ್ಟ್ ಒಳಗೆ ಹೊಸ ಉತ್ಪಾದಕರನ್ನ ಸೇರಿಸಿದ್ರೆ 'ಐಡಿ 1 ಆಗಲೇ ಇದೆ' ಅನ್ನುತ್ತೆ. ಮುಂದಿನ ಟೆಸ್ಟ್‌ನಲ್ಲಿ 'ಐಡಿ 2 ಆಗಲೇ ಇದೆ', ಆಮೇಲೆ 3! ಟೆಸ್ಟ್ ಮುಗಿದು ಬದಲಾವಣೆಗಳೆಲ್ಲ ರೋಲ್‌ಬ್ಯಾಕ್ (ರದ್ದು) ಆದ್ರೂ ಸೀಕ್ವೆನ್ಸ್ (ಮುಂದಿನ ಐಡಿ ಕೊಡೋ ಕೌಂಟರ್) ಹಿಂದಕ್ಕೆ ಬರಲ್ಲ ಅಂತ ಆಗಲೇ ಗೊತ್ತಾಗಿದ್ದು. ಹೀಗೇ ಬಿಟ್ರೆ 41ನೇ ಟೆಸ್ಟ್ ತಾನಾಗೇ ಪಾಸ್ ಆಗುತ್ತೇನೋ :)

ನಾನೇ ಐಡಿ ಕೊಟ್ಟಿದ್ದಕ್ಕೆ ಸೀಕ್ವೆನ್ಸ್ ಮುಂದೆ ಹೋಗಿಲ್ಲ, ಅಷ್ಟು ಅರ್ಥ ಆಯ್ತು. ಸೀಕ್ವೆನ್ಸ್‌ನ ಅಂಕಿ ಬದಲಾಯಿಸೋ ಸೆಟ್‌ವ್ಯಾಲ್ ಹಾಕಿದ್ರೆ ಆ ಟೇಬಲ್ ಸರಿಹೋಗುತ್ತೆ. ಆದ್ರೆ ಇರೋದು 14 ಟೇಬಲ್, ಒಂದೊಂದಕ್ಕೂ ಕೈಯಲ್ಲಿ ಬರೀಬೇಕಾ? ಇಲ್ಲಾ ಎಲ್ಲಾನೂ ಜೇಸನ್ ಫಿಕ್ಸ್ಚರ್ (ಸ್ಯಾಂಪಲ್ ಡೇಟಾ ಫೈಲ್) ಮಾಡಿ, ಅದನ್ನ ತುಂಬೋ ಜ್ಯಾಂಗೋ ಕಮಾಂಡ್ ಲೋಡ್‌ಡೇಟಾಗೆ ಬಿಟ್ಟುಬಿಡಲಾ? ಅದು ಸೀಕ್ವೆನ್ಸ್ ತಾನೇ ಸರಿಮಾಡುತ್ತಂತೆ. ಟೆಸ್ಟ್ ಡೇಟಾ ತಯಾರಿಸೋ ಫ್ಯಾಕ್ಟರಿ ಬಾಯ್ ಲೈಬ್ರರಿ ಒಳ್ಳೇದು ಅಂತ ಗೆಳೆಯನೊಬ್ಬ ಹೇಳ್ತಾನೆ, ಆದ್ರೆ ನನ್ನ ಬಿಲ್ ಟೆಸ್ಟ್‌ಗಳಿಗೆ ಫ್ಯಾಟ್ 4.1 ಅಂದ್ರೆ 4.1 ಆಗೇ ಇರಬೇಕು, ಮನಸ್ಸಿಗೆ ಬಂದ ಅಂಕಿ ಆಗಲ್ಲ.

ಇದೇ ಪಾಡು ಪಟ್ಟೋರು ಯಾವ ದಾರಿ ಹಿಡಿದ್ರಿ ಹೇಳಿ. ಕೋಡ್ ಬೇಕಿದ್ರೆ ಕಾಮೆಂಟ್‌ನಲ್ಲಿ ಹಾಕ್ತೀನಿ.