ಸೋರುವುದೋ, ಒಸರುವುದೋ? ಜೊತೆಗೆ ‘ಒತ್ತಡ’ದ ಗೋಳು

ಗೆಳೆಯರೇ,

ಪಿಯುಸಿ ಮಕ್ಕಳಿಗಾಗಿ ಪ್ರಯೋಗದ ಹಾಳೆಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂಡಿ ನಿಂತಿದೆ.

ಪ್ರಯೋಗ ಸುಲಭ. ಬೀಟ್‌ರೂಟನ್ನು ಸಣ್ಣಗೆ ಹೆಚ್ಚಿ, ನೀರು ತಿಳಿಯಾಗುವ ತನಕ ತೊಳೆಯಬೇಕು. ಚಾಕು ತಗುಲಿದ ಕೋಶಗಳ ಬಣ್ಣ ಅಲ್ಲೇ ಹೋಗಿಬಿಡುತ್ತದೆ. ಇದಕ್ಕೆ ‘ಚೆಲ್ಲುವುದು’ ಅಂದರಾಯಿತು, ತಕರಾರಿಲ್ಲ. ಆಮೇಲೆ ಕೆಲವು ತುಂಡುಗಳನ್ನು ಬರೀ ನೀರಿಗೆ, ಉಳಿದವನ್ನು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರಿಗೆ ಹಾಕಬೇಕು. ಪೆರಾಕ್ಸೈಡಿನಲ್ಲಿ ಮೊದಲು ತುಂಡಿನ ಮೈಮೇಲೆ ಗುಳ್ಳೆ ಏಳುತ್ತವೆ. ಸ್ವಲ್ಪ ಹೊತ್ತಿಗೆ ಅದರ ಸುತ್ತ ಬಣ್ಣ ಹರಡತೊಡಗುತ್ತದೆ. (ಪೆರಾಕ್ಸೈಡ್ ಜಾಸ್ತಿಯಾದರೆ ಹೊರಗೆ ಬಂದ ಬಣ್ಣವೂ ಮಾಸುತ್ತದೆ. ಅದು ಬೇರೆ ತಲೆನೋವು.)

ಇದರ ಕಾರಣಕ್ಕೆ ನಾನು ‘ಉತ್ಕರ್ಷಣ ಒತ್ತಡ’ (ಇಂಗ್ಲಿಷಿನ oxidative stress) ಅಂತ ಬರೆದಿದ್ದೆ. ಎಡವಿದ್ದು ಅಲ್ಲೇ. ಭೌತವಿಜ್ಞಾನದ ಪಾಠದಲ್ಲಿ ಒತ್ತಡ ಅಂದರೆ ಟೈರಿನ ಗಾಳಿಯದು, ತೊಟ್ಟಿಯ ನೀರಿನದು. ಕರಡು ಓದಿದ ಹುಡುಗನೊಬ್ಬ, ‘ಒಳಗೆ ಒತ್ತಡ ಜಾಸ್ತಿಯಾಗಿ ಪೊರೆ ಒಡೆಯುತ್ತೆ, ಅಲ್ವಾ ಸರ್?’ ಅಂದ. ಅವನದೇನು ತಪ್ಪು?

ಬೀಟ್‌ರೂಟಿನ ಕೆಂಪು, ಅಂದರೆ ಬೀಟಾನಿನ್, ಇರುವುದು ಕೋಶದೊಳಗಿನ ರಸದಾನಿಯಲ್ಲಿ (vacuole, ರಸ ತುಂಬಿದ ಚೀಲ). ಹೊರಗೆ ಬರಲು ಅದು ಎರಡು ಪೊರೆ ದಾಟಬೇಕು: ರಸದಾನಿಯದು, ಆಮೇಲೆ ಕೋಶದ್ದು. ಪೊರೆಯಲ್ಲಿ ಪ್ರೋಟೀನಿನ ಜೊತೆ ಕೊಬ್ಬಿದೆ. ಪೆರಾಕ್ಸೈಡಿನಿಂದ ಹುಟ್ಟುವ ಚುರುಕು ಕಣಗಳು ಆ ಕೊಬ್ಬನ್ನು ಕೆಡಿಸುತ್ತವೆ. ಕೆಟ್ಟ ಒಂದು ಅಣು ಪಕ್ಕದ್ದನ್ನೂ ಕೆಡಿಸುತ್ತದೆ. ಹುಚ್ಚೆಳ್ಳು ಚಟ್ನಿಪುಡಿ ಡಬ್ಬಿಯಲ್ಲಿ ಕೂತು ಕಮಟು ಹಿಡಿಯುತ್ತದಲ್ಲ, ಹೆಚ್ಚುಕಮ್ಮಿ ಅದೇ ಕತೆ. ಪೊರೆ ಕೆಟ್ಟಿದ್ದು ಒಳಗಿನಿಂದ ಯಾರೋ ಒತ್ತಿದ್ದಕ್ಕಲ್ಲ. ಪೊರೆಗೇ ಕಮಟು ಹಿಡಿದಿದೆ.

ಅದಕ್ಕೆ ‘ಕೀಟಬಾಧೆ’ಯ ಹಾಗೆ ‘ಉತ್ಕರ್ಷಣ ಬಾಧೆ’ ಅಂದರೆ ಹೇಗೆ? ರೈತರಿಗೂ ‘ಬಾಧೆ’ ಹೊಸದಲ್ಲ. ನನ್ನ ಮನಸ್ಸು ಇದಕ್ಕೇ ಒಲಿದಿದೆ.

ಇನ್ನು ಬಣ್ಣ ಹೊರಬರುವ ಕ್ರಿಯೆ. ಮನೆಯಲ್ಲಿ ಕೇಳಿದರೆ ‘ಬಣ್ಣ ಬಿಡುತ್ತೆ’ ಅಂದರು, ಹೊಸ ಸೀರೆಗೆ ಹೇಳುವ ಹಾಗೆ. ಚೆನ್ನಾಗಿದೆ, ಆದರೆ ಪೊರೆಯ ಸುದ್ದಿಯೇ ಅದರಲ್ಲಿಲ್ಲ. ‘ಸೋರು’ ಅಂದರೆ ತೂತು ಬಿದ್ದ ಬಿಂದಿಗೆ ಕಣ್ಣಿಗೆ ಬರುತ್ತದೆ. ‘ಜಿನುಗು’ ಅಂದರೆ ಹನಿ. ಮಣ್ಣಿನ ಹೂಜಿಯ ಹೊರಮೈಯಲ್ಲಿ ನೀರು ‘ಒಸರು’ತ್ತದೆ. ಎಲ್ಲೂ ತೂತು ಕಾಣದು, ಮೈಯೆಲ್ಲ ಒದ್ದೆ. ಇಲ್ಲಿ ಆಗುವುದಕ್ಕೆ ಇದೇ ಹತ್ತಿರ. ತೊಡಕು ಒಂದೇ: ಒಸರುವುದು ಒಳ್ಳೆಯ ಹೂಜಿಯ ಗುಣ. ಬೀಟ್‌ರೂಟಿನ ಪೊರೆ ಒಸರುವುದು ಕೆಟ್ಟಮೇಲೆ. ‘ಸೋರು’ವಿನಲ್ಲಿ ಏನೋ ಕೆಟ್ಟಿದೆ ಅನ್ನುವ ದನಿ ತಾನಾಗಿ ಬರುತ್ತದೆ, ‘ಒಸರು’ವಿನಲ್ಲಿ ಬರುವುದಿಲ್ಲ.

ನಿಮ್ಮ ಕಡೆ, ಉಪ್ಪಿನಕಾಯಿ ಜಾಡಿ ಹಳೆಯದಾಗಿ ಹೊರಮೈಗೆ ಎಣ್ಣೆ ಮೂಡತೊಡಗಿದರೆ ಏನಂತಾರೆ? ತೂತಿಲ್ಲದೆಯೂ ಕೆಟ್ಟು ಹೊರಬರುವುದಕ್ಕೆ ಒಂದು ಮಾತು ಬೇಕಾಗಿದೆ.